ಕತ್ತಲೆಯ ಖಂಡದಲ್ಲಿ ಕತ್ತಲಿಲ್ಲದ ಊರು

ದೂರದ ಬೆಟ್ಟ ನುಣ್ಣಗೆ ಎಂಬುದು ನಮ್ಮ ಗಾದೆ. ದೂರದ ನಾಡುಗಳ ವಿಷಯದಲ್ಲಿ ಮಾತ್ರ ಈ ಗಾದೆ ಎಲ್ಲ ದಿಕ್ಕಿಗೂ ಒಂದೇ ಬಗೆಯಾಗಿ ಸಲ್ಲುವುದಿಲ್ಲ. ಲಂಡನ್, ನ್ಯೂಯಾರ್ಕ್‌ಗಳು ನಮಗೆ ದೂರದಿಂದ ನುಣ್ಣಗೆ ಕಾಣುತ್ತವೆ. ಲಾಗೋಸ್, ನೈರೋಬಿ, ಅಕ್ರಾಗಳು ಕಾಣುವುದೇ ಇಲ್ಲ. ಕಾಣುವುದು ಆಫ್ರಿಕ ಎಂಬ ಒಂದೇ ಹೆಸರು. ಆ ಹೆಸರಿನ ಹಿಂದೆ ಒಂದು ಕಾಡು, ಒಂದು ಸಿಂಹ, ಹಸಿದ ಒಂದು ಮಗು. 54 ದೇಶಗಳನ್ನು ಒಂದು ಚಿತ್ರಕ್ಕೆ ಇಳಿಸಿ, ಆ ಚಿತ್ರಕ್ಕೆ 'ಕತ್ತಲೆಯ ಖಂಡ' ಎಂದು ಶೀರ್ಷಿಕೆ ಬರೆದು ನಾವು ಸುಮ್ಮನಾಗಿದ್ದೇವೆ. ಅಲ್ಲಿಯೂ ಬೆಳಗಿನ ಬಸ್ಸಿಗೆ ಓಡುವವರಿದ್ದಾರೆ, ಲೈಟ್ ಬಿಲ್ ತುಂಬಲು ಪರದಾಡುವವರಿದ್ದಾರೆ, ತಮ್ಮ ಊರಿನ ಹೆಸರು ಕೇಳಿದರೆ ಎದೆ ಉಬ್ಬಿಸುವವರಿದ್ದಾರೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಹೀಗೆ ಹೊಳೆಯದೆ ಇರುವುದರ ಕಾರಣವೇನು, ಅದನ್ನು ಹೊಳೆಯಿಸಬಲ್ಲ ಸಾಹಿತ್ಯ ಯಾವುದು ಎಂಬುದನ್ನು ದತ್ತವಾಡದ ಈ ಸಾಹಿತ್ಯ ಸಮಾವೇಶದ ನೆಪದಲ್ಲಿ ವಿಚಾರಿಸಬೇಕೆಂದು ನಮಗೆ ಅನ್ನಿಸಿದೆ.

ನಮ್ಮ ಕೊಲ್ಹಾಪುರ ಸೀಮೆಗೆ ಆಫ್ರಿಕ ಅಪರಿಚಿತವೇನಲ್ಲ. 1660ರಲ್ಲಿ ಪನ್ಹಾಳಗಡಕ್ಕೆ ಮುತ್ತಿಗೆ ಹಾಕಿದ ಸಿದ್ದಿ ಜೋಹರನ ಹೆಸರು ಇಲ್ಲಿನ ಮಕ್ಕಳ ಬಾಯಲ್ಲೂ ಇದೆ. ಬಿಜಾಪುರದ ಆದಿಲಶಾಹಿಗೆ ದುಡಿದ ಆ ಸರದಾರ ಹಬಶಿ ಮೂಲದವನು. ಕೊಲ್ಹಾಪುರದ ಅರಸರು ಬೇಟೆಗಾಗಿ ಆಫ್ರಿಕದಿಂದ ಚೀತಾಗಳನ್ನು ತರಿಸಿಕೊಂಡದ್ದೂ ಉಂಟು. ಹೀಗೆ ನಮ್ಮ ನೆನಪಿನಲ್ಲಿ ಆಫ್ರಿಕವು ಒಬ್ಬ ಶತ್ರುವಾಗಿ, ಒಂದು ಮೃಗವಾಗಿ ನಿಂತುಬಿಟ್ಟಿತು. ಇದೇ ಮಹಾರಾಷ್ಟ್ರದ ನೆಲದಲ್ಲಿ ಒಂದು ನಗರವನ್ನೇ ಕಟ್ಟಿದ ಮತ್ತೊಬ್ಬ ಹಬಶಿ ನಮಗೆ ನೆನಪಾಗುವುದು ಅಪರೂಪ. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಕೊನೆಗೆ ಅಹಮದನಗರದ ನಿಜಾಮಶಾಹಿಯ ಸೂತ್ರ ಹಿಡಿದ ಮಲಿಕ್ ಅಂಬರನು 17ನೆಯ ಶತಮಾನದ ಆರಂಭದಲ್ಲಿ ಖಡಕಿ ಎಂಬ ಪಟ್ಟಣವನ್ನು ಕಟ್ಟಿದ. ಅದೇ ಮುಂದೆ ಔರಂಗಾಬಾದ್ ಎನಿಸಿತು, ಈಗ ಛತ್ರಪತಿ ಸಂಭಾಜಿನಗರವಾಗಿದೆ. ನೆಲದೊಳಗೆ ಕಾಲುವೆ ತೋಡಿಸಿ ಆ ಊರಿಗೆ ಅವನು ನೀರು ತಂದ ವ್ಯವಸ್ಥೆಗೆ ಇಂದಿಗೂ 'ನಹರ್-ಎ-ಅಂಬರಿ' ಎಂದೇ ಹೆಸರು. ಕತ್ತಿ ಹಿಡಿದವನು ನೆನಪಿನಲ್ಲಿ ಉಳಿದ, ನೀರು ತಂದವನು ಮರೆತುಹೋದ.

ಈ ಮರೆವು ನಿರುಪದ್ರವಿಯಲ್ಲ. 2016ರ ಜನವರಿಯ ಕೊನೆಯಲ್ಲಿ ಬೆಂಗಳೂರಿನಲ್ಲಿ ಸುಡಾನ್ ದೇಶದವನೊಬ್ಬನ ಕಾರು ಬಡಿದು ಹೆಣ್ಣುಮಗಳೊಬ್ಬಳು ತೀರಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಬೇರೊಂದು ಕಾರಿನಲ್ಲಿ ಅದೇ ದಾರಿಯಾಗಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಆ ಅಪಘಾತಕ್ಕೂ ಅವಳಿಗೂ ಸಂಬಂಧವಿರಲಿಲ್ಲ, ಅವಳ ದೇಶಕ್ಕೂ ಇರಲಿಲ್ಲ. ಸುಡಾನ್ ಮತ್ತು ಟಾಂಜಾನಿಯಾ ಎರಡು ಬೇರೆ ದೇಶಗಳೆಂಬ ತಿಳಿವಳಿಕೆ ಆ ಗುಂಪಿನಲ್ಲಿ ಇರಲಿಲ್ಲ. ಎಲ್ಲರನ್ನೂ ಒಂದೇ ಚಿತ್ರದಲ್ಲಿ ನೋಡುವ ಅಭ್ಯಾಸ ಬೀದಿಗೆ ಬಂದಾಗ ಆಗುವುದು ಇದೇ. ನಾಲ್ಕು ಶತಮಾನಗಳಿಂದ ನಮ್ಮ ನಡುವೆಯೇ ಇರುವ ಉತ್ತರ ಕನ್ನಡದ ಸಿದ್ದಿಗಳು, ಯಲ್ಲಾಪುರ, ಹಳಿಯಾಳಗಳ ಮಣ್ಣಿನಲ್ಲಿ ಬೆಳೆದು ಕನ್ನಡ, ಕೊಂಕಣಿ ಆಡುವವರು, ಪೇಟೆಗೆ ಬಂದರೆ ಇಂದಿಗೂ 'ನೀವು ಯಾವ ದೇಶದವರು' ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಕನ್ನಡ ಸಾಹಿತ್ಯಲೋಕ ಆಫ್ರಿಕದ ಕಡೆಗೆ ಕಣ್ಣು ಮುಚ್ಚಿ ಕುಳಿತಿರಲಿಲ್ಲ. ನೈಜೀರಿಯದ ಚಿನುವ ಅಚಿಬೆಯ ಮೊದಲ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್' 1958ರಲ್ಲಿ ಬಂತು. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ. ಎರಡನ್ನೂ ಜೊತೆಗಿಟ್ಟು ಓದುವ ರೂಢಿ ನಮ್ಮಲ್ಲಿ ಬೆಳೆಯಿತು. ಹೆಗ್ಗೋಡಿನ ನೀನಾಸಂ ಬಳಗದವರು ಸಿದ್ದಿ ಜನರೊಂದಿಗೆ ಸೇರಿ ಅಚಿಬೆಯ ಆ ಕಾದಂಬರಿಯನ್ನು ಕನ್ನಡದ ರಂಗಕ್ಕೆ ತಂದದ್ದು ನಮ್ಮ ರಂಗಭೂಮಿ ಹೆಮ್ಮೆಪಡಬೇಕಾದ ಕೆಲಸ. ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ನಮ್ಮ ಚರ್ಚೆಗಳಲ್ಲಿ ಸದಾ ಕೇಳಿಬರುವುದು ಈ ಹಳ್ಳಿಯ ಕಾದಂಬರಿಯ ಹೆಸರೇ: ಕುಸ್ತಿ, ಗೆಣಸಿನ ಬೆಳೆ, ಕುಲದೇವತೆ, ಮುರಿದುಬಿದ್ದ ಹಳೆಯ ಲೋಕ. ಆ ಕಾದಂಬರಿಯ ನಾಯಕ ಒಕೊಂಕ್ವೊ ನಮಗೆ ಗೊತ್ತು. ಪೇಟೆ ಸೇರಿ ಕಾರು ಕೊಂಡ ಅವನ ಮೊಮ್ಮಗ ನಮಗೆ ಗೊತ್ತಿಲ್ಲ. ಆಫ್ರಿಕವನ್ನು ಮೆಚ್ಚುವಾಗಲೂ ನಾವು ಅದನ್ನು ಹಳೆಯ ಕಾಲದಲ್ಲಿಯೇ ಇಟ್ಟು ಮೆಚ್ಚಿದ್ದೇವೆ.

ಆ ಮೊಮ್ಮಗನ ಕಥೆಯೇ 1960ರಲ್ಲಿ ಬಂದ ಅಚಿಬೆಯ ಎರಡನೆಯ ಕಾದಂಬರಿ 'ನೋ ಲಾಂಗರ್ ಅಟ್ ಈಸ್'. ನೈಜೀರಿಯ ಸ್ವತಂತ್ರವಾದ ವರ್ಷವೂ ಅದೇ. ನಾಯಕ ಒಬಿ ಒಕೊಂಕ್ವೊ ಉಮುವೊಫಿಯಾ ಎಂಬ ಹಳ್ಳಿಯ ಹುಡುಗ. ಅವನು ಚಿಕ್ಕವನಿದ್ದಾಗ ರಜೆಗೆ ಬಂದ ಸೈನಿಕನೊಬ್ಬ ಲಾಗೋಸಿನ ಕಥೆ ಹೇಳುತ್ತಾನೆ: ಅಲ್ಲಿ ಕತ್ತಲೆಯೇ ಇಲ್ಲ, ರಾತ್ರಿ ವಿದ್ಯುದ್ದೀಪ ಸೂರ್ಯನಂತೆ ಉರಿಯುತ್ತದೆ, ನಡೆಯಲು ಬೇಸರವಾದರೆ ಕೈ ಬೀಸಿದರೆ ಸಾಕು, ಕಾರು ಬಂದು ನಿಲ್ಲುತ್ತದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ನಮ್ಮ ಕಡೆಯ ಹುಡುಗರು ಮುಂಬಯಿಗೆ ಹೋಗಿಬಂದವರ ಬಾಯಿಂದ ಕೇಳುತ್ತಿದ್ದ ಕಥೆಯೂ ಇದೇ ಅಲ್ಲವೆ? ಹೊರಗಿನವರು ಯಾವ ಖಂಡಕ್ಕೆ ಕತ್ತಲೆಯೆಂದು ಹೆಸರಿಟ್ಟರೋ ಅಲ್ಲಿನ ಮಗುವಿನ ಕಣ್ಣಿಗೆ ತನ್ನ ದೇಶದ ನಗರ ಕತ್ತಲಿಲ್ಲದ ಊರು. ಅಚಿಬೆ ಇದನ್ನು ಎತ್ತಿ ಆಡುವುದಿಲ್ಲ. ಮಗುವಿನ ಬೆರಗನ್ನು ಬೆರಗಾಗಿಯೇ ಬಿಡುತ್ತಾನೆ. ಮುಂದೆ ದೊಡ್ಡವನಾದ ಒಬಿ ಅದೇ ಲಾಗೋಸಿನ ಕೊಳಚೆ ಓಣಿಯಲ್ಲಿ, ತೆರೆದ ಗಟಾರದ ಪಕ್ಕದಲ್ಲಿ ಕಾರು ನಿಲ್ಲಿಸುತ್ತಾನೆ. ಗಟಾರದಲ್ಲಿ ಸತ್ತ ನಾಯಿ ಕೊಳೆಯುತ್ತಿರುತ್ತದೆ. ಬೆರಗೂ ನಿಜ, ಗಟಾರವೂ ನಿಜ. ಒಂದನ್ನು ತೋರಿಸಲು ಇನ್ನೊಂದನ್ನು ಮುಚ್ಚಿಡದ ಪ್ರಾಮಾಣಿಕತೆ ಈ ಕಾದಂಬರಿಯ ಮೊದಲ ಗುಣ.

ನಮ್ಮ ಸಂಘದ ಸದಸ್ಯರು ಈ ಕೃತಿಯನ್ನು ಓದಲೇಬೇಕೆಂದು ನಾವು ಒತ್ತಾಯಿಸುವುದಕ್ಕೆ ಬೇರೊಂದು ಕಾರಣವಿದೆ. ಇದರ ನಡುಮನೆಯಲ್ಲಿ ಕುಳಿತಿರುವುದೂ ಒಂದು ಸಂಘವೇ. ಉಮುವೊಫಿಯಾದಿಂದ ಹೊಟ್ಟೆಪಾಡಿಗಾಗಿ ಲಾಗೋಸ್ ಸೇರಿದವರು ಕಟ್ಟಿಕೊಂಡ ಪ್ರಗತಿ ಸಂಘ ಅದು. ಅಧ್ಯಕ್ಷರಿದ್ದಾರೆ, ಕಾರ್ಯದರ್ಶಿಗಳಿದ್ದಾರೆ, ಸಭೆಯ ಕ್ರಮವಿದೆ, ಪ್ರಾರ್ಥನೆಯಿದೆ, ಮಾತು ಬೆಳೆದು ಜಗಳಕ್ಕೆ ಹತ್ತಿದಾಗ ಊರಿನ ಹೆಸರು ಕೂಗಿ ಒಂದಾಗುವ ಪದ್ಧತಿಯಿದೆ. ಅಂಚೆ ಕಚೇರಿ, ರೈಲ್ವೆ, ಅಂಗಡಿಗಳಲ್ಲಿ ದುಡಿಯುವಂಥ ಸಾಮಾನ್ಯರು ತಮ್ಮ ಮೇಲೆ ತಾವೇ ಪಟ್ಟಿ ಹಾಕಿಕೊಂಡು 800 ಪೌಂಡು ಕೂಡಿಸಿ ತಮ್ಮೂರ ಹುಡುಗನನ್ನು ಓದಲು ಇಂಗ್ಲೆಂಡಿಗೆ ಕಳಿಸುತ್ತಾರೆ. ಅವನು ವಕೀಲನಾಗಿ ಬಂದು ಊರಿನ ಜಮೀನಿನ ವ್ಯಾಜ್ಯಗಳನ್ನು ಗೆಲ್ಲಿಸಿಕೊಡಬೇಕೆಂಬುದು ಅವರ ಆಸೆ. ಹುಡುಗ ಅಲ್ಲಿ ಹೋಗಿ ಇಂಗ್ಲಿಷ್ ಸಾಹಿತ್ಯ ಓದುತ್ತಾನೆ! ಪಟ್ಟಿ ಎತ್ತಿ ಮಠ ಕಟ್ಟಿಸಿದವರು, ಶಾಲೆಗೆ ಕೋಣೆ ಹಾಕಿಸಿದವರು, ಪಕ್ಕದ ಮನೆಯ ಹುಡುಗನ ಶುಲ್ಕ ತುಂಬಿದವರು ನಮ್ಮ ಓದುಗರಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಿಗೆ ಈ ಪುಟಗಳನ್ನು ವಿವರಿಸಿ ಹೇಳುವ ಅಗತ್ಯವಿಲ್ಲ.

ಒಬಿ ಮರಳಿ ಬಂದಾಗ ಸಂಘ ಏರ್ಪಡಿಸುವ ಸತ್ಕಾರ ಸಮಾರಂಭ ಹಾಸ್ಯದಲ್ಲಿಯೂ ಮಮತೆಯಲ್ಲಿಯೂ ಅಪೂರ್ವವಾದದ್ದು. ಸದಸ್ಯರೆಲ್ಲ ಉತ್ತಮ ಉಡುಪು ಧರಿಸಿ ಬಂದಿದ್ದಾರೆ. ಸತ್ಕಾರಮೂರ್ತಿ ಸೆಕೆಯೆಂದು ಬರಿಯ ಅಂಗಿಯಲ್ಲಿ ಬಂದಿದ್ದಾನೆ. ಕಾರ್ಯದರ್ಶಿ ದೊಡ್ಡ ದೊಡ್ಡ ಇಂಗ್ಲಿಷ್ ಶಬ್ದಗಳ ಬಿನ್ನವತ್ತಳೆ ಓದುತ್ತಾನೆ, ಜನ ತಲೆದೂಗುತ್ತಾರೆ. ಇಂಗ್ಲೆಂಡಿನಿಂದಲೇ ಬಂದ ಒಬಿ ಸರಳವಾಗಿ ನಾಲ್ಕು ಮಾತಾಡುತ್ತಾನೆ, ಜನಕ್ಕೆ ನಿರಾಶೆ. ನಾವು ನಕ್ಕೆವು, ಆಮೇಲೆ ನಮ್ಮ ಸಮಾರಂಭಗಳ ಸನ್ಮಾನಪತ್ರಗಳನ್ನು ನೆನೆದು ಮತ್ತೂ ನಕ್ಕೆವು. ಆದರೆ ಈ ನಗೆಯಲ್ಲಿ ತಿರಸ್ಕಾರವಿಲ್ಲ. ಹೊರಗಿನ ಬರಹಗಾರ ಇದೇ ಸಭೆಯನ್ನು ಕಂಡಿದ್ದರೆ ಅನುಕರಣೆಯ ಗೇಲಿಯೆಂದು ಬರೆಯುತ್ತಿದ್ದ. ಪರನಗರದಲ್ಲಿ ತಮ್ಮ ಊರಿನ ಮಾನವನ್ನು ಎತ್ತಿ ಹಿಡಿಯಬೇಕೆಂಬ ಬಡವರ ಅಭಿಮಾನ ಅಚಿಬೆಗೆ ಅಲ್ಲಿ ಕಾಣುತ್ತದೆ. ಸಭೆಯ ಆಡಂಬರ ಅವನ ಕಣ್ಣಿಗೆ ಬಿದ್ದಿದೆ, ಅದರ ಹಿಂದಿನ ಬೆವರು ಅದಕ್ಕಿಂತ ಮೊದಲು ಬಿದ್ದಿದೆ.

ಈಗ ವಿಮರ್ಶೆಯ ಮುಖ್ಯ ಪ್ರಶ್ನೆಗೆ ಬರೋಣ. ಕಾದಂಬರಿ ತೆರೆಯುವುದು ನ್ಯಾಯಾಲಯದಲ್ಲಿ: ಒಬಿ 20 ಪೌಂಡು ಲಂಚ ತೆಗೆದುಕೊಂಡು ಸಿಕ್ಕಿಬಿದ್ದಿದ್ದಾನೆ. ಆಫ್ರಿಕದ ಲೇಖಕನೇ ತನ್ನ ವಿದ್ಯಾವಂತ ನಾಯಕನನ್ನು ಲಂಚಕೋರನನ್ನಾಗಿ ಮಾಡಿದರೆ ಹೊರಗಿನವರ ಪೂರ್ವಗ್ರಹಕ್ಕೆ ಪುರಾವೆ ಒದಗಿಸಿದಂತಾಗಲಿಲ್ಲವೆ? ಅಚಿಬೆ ಈ ಆಕ್ಷೇಪವನ್ನು ಮೊದಲೇ ಊಹಿಸಿ ಅದನ್ನು ಕಥೆಯೊಳಗೇ ತಂದು ಕೂರಿಸಿದ್ದಾನೆ. ಒಬಿಯ ಮೇಲಧಿಕಾರಿ ಗ್ರೀನ್ ಎಂಬ ಆಂಗ್ಲ ಕ್ಲಬ್ಬಿನಲ್ಲಿ ಕುಳಿತು ತನ್ನ ಸಿದ್ಧಾಂತ ಮಂಡಿಸುತ್ತಾನೆ: ಆಫ್ರಿಕದವನು ಹುಟ್ಟಾ ಭ್ರಷ್ಟ, ಅಲ್ಲಿನ ಹವೆ ಮತ್ತು ರೋಗಗಳು ಅವನನ್ನು ಹಾಗೆ ಮಾಡಿವೆ. ಒಂದು ಇಡೀ ಜನಾಂಗದ ನಡತೆಗೆ ಒಂದು ವಾಕ್ಯದ ವಿವರಣೆ! ಅಚಿಬೆ ಇದಕ್ಕೆ ವಾದದಿಂದ ಉತ್ತರಿಸುವುದಿಲ್ಲ. ಲೆಕ್ಕದ ಪುಸ್ತಕ ಬಿಚ್ಚುತ್ತಾನೆ.

ಒಬಿಯ ಸಂಬಳ ತಿಂಗಳಿಗೆ 50 ಪೌಂಡಿಗೂ ಕಡಿಮೆ. ಅದರಲ್ಲಿ ಸಂಘದ ಸಾಲಕ್ಕೆ 20 ಪೌಂಡು, ಊರಿನ ತಂದೆತಾಯಿಗಳಿಗೆ 10 ಪೌಂಡು. ತಮ್ಮನ ಶಾಲೆಯ ಶುಲ್ಕ ಬೇರೆ, ತಾಯಿಯ ಔಷಧ ಬೇರೆ. ದೊಡ್ಡ ಹುದ್ದೆಯವನಿಗೆ ಕಾರು ಬೇಡವೆ? ಕಾರು ಬಂದಿತು, ಒಂದು ದಿನ ಅದರ ವಿಮೆಗೆ 40 ಪೌಂಡು ತುಂಬುವ ಪತ್ರವೂ ಬಂದಿತು. ಹಿಂದೆಯೇ ಲೈಟ್ ಬಿಲ್. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬುದ್ಧಿ ಹೇಳುವುದು ಸುಲಭ. ಇಲ್ಲಿ ಹಾಸಿಗೆ ಒಂದು, ಅದರ ಮೇಲೆ ಮಲಗುವವರು ಹಲವರು. ಪ್ರತಿಯೊಂದು ಖರ್ಚೂ ನ್ಯಾಯವಾದದ್ದು, ಪ್ರತಿಯೊಬ್ಬರ ಹಕ್ಕೂ ನಿಜವಾದದ್ದು. ಮೊದಮೊದಲು ಲಂಚವನ್ನು ಖಂಡತುಂಡವಾಗಿ ನಿರಾಕರಿಸಿದವನು ಕೊನೆಗೆ ಮೇಜಿನ ಮೇಲಿನ ನೋಟುಗಳಿಗೆ ಸೋಲುವ ಹೊತ್ತಿಗೆ ನಮಗೆ ಅವನ ಪೈಸೆಪೈಸೆಯ ಲೆಕ್ಕ ಗೊತ್ತಿರುತ್ತದೆ. ನಾವು ಅವನನ್ನು ಕ್ಷಮಿಸದಿರಬಹುದು. 'ಆಫ್ರಿಕದವರೇ ಹಾಗೆ' ಎನ್ನಲು ಮಾತ್ರ ನಾಲಿಗೆ ಏಳುವುದಿಲ್ಲ. ದಿನನಿತ್ಯದ ವಿವರ ಸಾಹಿತ್ಯದಲ್ಲಿ ಮಾಡಬಲ್ಲ ಕೆಲಸ ಇದು. ಪೂರ್ವಗ್ರಹಕ್ಕೆ ಜಾತಿ, ಜನಾಂಗ, ಖಂಡ ಎಂಬ ದೊಡ್ಡ ಶಬ್ದಗಳು ಬೇಕು. ವಿಮೆಯ ಪತ್ರ, ಲೈಟ್ ಬಿಲ್ಲುಗಳ ಎದುರು ಅದು ಬಹಳ ಹೊತ್ತು ನಿಲ್ಲಲಾರದು.

ಕೃತಿಗೆ ಮಿತಿಗಳಿಲ್ಲವೆಂದಲ್ಲ. ಒಬಿ ಮದುವೆಯಾಗಬೇಕೆಂದಿದ್ದ ಕ್ಲಾರಾ ಇಂಗ್ಲೆಂಡಿನಲ್ಲಿ ಓದಿ ಬಂದ ದಾದಿ. ಆದರೆ ಸಮಾಜ ದೂರವಿಟ್ಟ 'ಓಸು' ಕುಲದವಳು. ಮುಟ್ಟು, ಮಡಿಗಳ ಇತಿಹಾಸವುಳ್ಳ ನಮಗೆ ಈ ಭಾಗ ಇರಿಯಬೇಕು, ಇರಿಯುತ್ತದೆ. ಆದರೆ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವ ಆಕೆಯ ಮನಸ್ಸನ್ನು ಕಾದಂಬರಿ ಒಳಹೊಕ್ಕು ನೋಡುವುದಿಲ್ಲ. ಒಬಿಯ ಕಣ್ಣಿನಿಂದಷ್ಟೇ ಕಂಡು, ಕೊನೆಗೆ ಅವಳನ್ನು ಕಥೆಯಿಂದ ಹೊರಗೆ ಕಳಿಸುತ್ತದೆ. ಇನ್ನೊಂದು ಮಿತಿ, ಇದು ಸರಕಾರಿ ನೌಕರನ ಲಾಗೋಸ್. ಅದೇ ನಗರದ ರಾತ್ರಿಗಳನ್ನೂ ಹಾಡುಗಾರಿಕೆಯನ್ನೂ ಕಾಣಬೇಕಾದರೆ ಸಿಪ್ರಿಯನ್ ಎಕ್ವೆನ್ಸಿಯ 'ಪೀಪಲ್ ಆಫ್ ದಿ ಸಿಟಿ' ಓದಬೇಕು. 1954ರ ಆ ಕಾದಂಬರಿಯ ನಾಯಕ ಹಗಲು ಪತ್ರಿಕಾ ವರದಿಗಾರ, ರಾತ್ರಿ ವಾದ್ಯವೃಂದದ ಮುಂದಾಳು. ಕೂಲಿಕಾರರ ನಗರವನ್ನು ಕಾಣಬೇಕಾದರೆ ಕೀನ್ಯಾದ ಮೇಜಾ ಮ್ವಾಂಗಿಯ 'ಗೋಯಿಂಗ್ ಡೌನ್ ರಿವರ್ ರೋಡ್' (1976) ಬೇಕು. ನೈರೋಬಿಯಲ್ಲಿ ಬಹುಮಹಡಿ ಕಟ್ಟಡ ಕಟ್ಟುವವರು, ಅದು ಮುಗಿದ ದಿನ ಅದರೊಳಗೆ ಜಾಗವಿಲ್ಲದವರು ಅಲ್ಲಿನ ಪಾತ್ರಗಳು. ಇಚಲಕರಂಜಿಯ ಯಂತ್ರಮಗ್ಗಗಳಲ್ಲಿ ರಾತ್ರಿಪಾಳಿ ಮಾಡಿ, ತಾವು ನೇಯ್ದ ಬಟ್ಟೆ ಯಾವ ಊರಿಗೆ ಹೋಯಿತೆಂದು ತಿಳಿಯದ ನಮ್ಮವರು ಆ ಪಾತ್ರಗಳನ್ನು ಕೂಡಲೇ ಗುರುತಿಸುತ್ತಾರೆ.

ಇವೆಲ್ಲ ಹಳೆಯ ಪುಸ್ತಕಗಳಾದವು, ಇಂದಿನ ಮಾತೇನು ಎಂದು ತರುಣರು ಕೇಳಬಹುದು. ನಾವಿಂದು ತರಕಾರಿಯವಳಿಗೂ ಫೋನಿನಿಂದ ಹಣ ಕೊಡುತ್ತೇವೆ. ನಮ್ಮ ಯುಪಿಐ ಬಂದದ್ದು 2016ರಲ್ಲಿ. ಕೀನ್ಯಾದಲ್ಲಿ 'ಎಂ-ಪೆಸಾ' ಎಂಬ ವ್ಯವಸ್ಥೆ 2007ರಲ್ಲಿಯೇ ಆರಂಭವಾಗಿ, ಬ್ಯಾಂಕಿನ ಮೆಟ್ಟಿಲು ಹತ್ತದವರು ಸಾದಾ ಫೋನಿನಿಂದ ಊರಿಗೆ ಹಣ ಕಳಿಸತೊಡಗಿದ್ದರು. 'ಪೆಸಾ' ಎಂಬ ಸ್ವಾಹಿಲಿ ಶಬ್ದ ನಮ್ಮ 'ಪೈಸೆ'ಯ ನಂಟೇ ಆಗಿರುವುದು ಹಿಂದೂ ಮಹಾಸಾಗರದ ಹಳೆಯ ವ್ಯಾಪಾರದ ಗುರುತು. ರುವಾಂಡಾ 2008ರಲ್ಲಿಯೇ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ತಿಂಗಳ ಕೊನೆಯ ಶನಿವಾರ ಅಲ್ಲಿ ಊರಿಗೆ ಊರೇ ಕೂಡಿ ಶ್ರಮದಾನ ಮಾಡುತ್ತದೆ. ನೈರೋಬಿಯ 'ಮಟಾಟು' ನಮ್ಮ ವಡಾಪ್ ಗಾಡಿಯ ಸೋದರ. ತುಂಬಿದ ಮೇಲೂ ಇನ್ನೊಬ್ಬರಿಗೆ ಜಾಗ ಉಂಟು. ಹೀಗೆಂದ ಮಾತ್ರಕ್ಕೆ ಅಲ್ಲಿ ಬಡತನವಿಲ್ಲ, ಕಲಹವಿಲ್ಲ ಎಂದು ನಾವು ಹೇಳುತ್ತಿಲ್ಲ. ಗಾಜಿನ ಕಟ್ಟಡಗಳ ಚಿತ್ರ ತೋರಿಸಿ 'ನೋಡಿ, ನಾವೂ ನಿಮ್ಮಂತೆಯೇ' ಎನ್ನುವ ಅಭಿಮಾನ ಟೊಳ್ಳಾದದ್ದು. ಅದು ಇನ್ನೊಬ್ಬರ ಅಳತೆಗೋಲಿನಿಂದ ತನ್ನನ್ನು ಅಳೆದುಕೊಳ್ಳುತ್ತದೆ. ತನ್ನ ಗಟಾರವನ್ನು ತಾನೇ ಬೈದು, ತನ್ನ ಊರಿನ ಮಾನಕ್ಕೆ ತಾನೇ ಪಟ್ಟಿ ಎತ್ತುವ ಅಭಿಮಾನ ಗಟ್ಟಿಯಾದದ್ದು. ಅಚಿಬೆಯ ಸಂಘದವರಲ್ಲಿ ಇರುವುದು ಈ ಎರಡನೆಯದು.

ಈ ಗಟ್ಟಿ ಅಭಿಮಾನವನ್ನು ಭಾಷೆಯವರೆಗೂ ಒಯ್ದವನು ಕೀನ್ಯಾದ ಗೂಗಿ ವಾ ಥಿಯಾಂಗೊ. ಶಾಲೆಯಲ್ಲಿ ತಾಯ್ನುಡಿ ಗಿಕುಯು ಆಡಿದ ಮಕ್ಕಳ ಕೊರಳಿಗೆ ಅವಮಾನದ ಫಲಕ ಕಟ್ಟುತ್ತಿದ್ದ ಕಾಲ ಅವನದು. 1977ರಲ್ಲಿ ಹಳ್ಳಿಗರೊಂದಿಗೆ ಗಿಕುಯು ನಾಟಕ ಆಡಿಸಿದ್ದಕ್ಕೆ ಸೆರೆಮನೆ ಸೇರಿದ ಗೂಗಿ ಅಲ್ಲಿ ಶೌಚದ ಕಾಗದದ ಮೇಲೆ ಗಿಕುಯು ಭಾಷೆಯಲ್ಲಿ ಕಾದಂಬರಿ ಬರೆದ. ಇಂಗ್ಲಿಷನ್ನೇ ತನ್ನದಾಗಿ ಬಗ್ಗಿಸಿಕೊಳ್ಳಬಹುದೆಂಬ ಅಚಿಬೆಯ ನಿಲುವಿಗೂ ಗೂಗಿಯ ನಿಲುವಿಗೂ ನಡುವಿನ ವಾದ ಇನ್ನೂ ಮುಗಿದಿಲ್ಲ. ಗೂಗಿಯ 'ಡಿಕಾಲನೈಸಿಂಗ್ ದಿ ಮೈಂಡ್' ಅನ್ನು ರಹಮತ್ ತರೀಕೆರೆಯವರು ಕನ್ನಡಕ್ಕೆ ತಂದಿರುವುದರಿಂದ ಆ ವಾದ ನಮ್ಮ ಮನೆಯದೂ ಆಗಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮಕ್ಕಳ ಚೀಲದಲ್ಲಿ ಇಂಗ್ಲಿಷ್ ಇಟ್ಟುಕೊಂಡು ಬಾಳುವ ಗಡಿಯ ಜನರಿಗಿಂತ ಚೆನ್ನಾಗಿ ಇದನ್ನು ಅರಿಯಬಲ್ಲವರು ಯಾರು?

ಇಲ್ಲಿಗೆ ನಾವು ದತ್ತವಾಡಕ್ಕೆ ಮರಳಬೇಕು. ದೂಧಗಂಗೆಯ ಆಚೆ ಕರ್ನಾಟಕ, ಈಚೆ ನಾವು. ನಮ್ಮ ಸೀಮೆ ಹೊರಗಿನವರಿಗೆ ಕಾಣುವುದು ಎರಡೇ ಸಂದರ್ಭಗಳಲ್ಲಿ: ಗಡಿಯ ಜಗಳ ಎದ್ದಾಗ, ಇಲ್ಲವೆ 2019ರಲ್ಲಾದಂತೆ ಮಹಾಪೂರ ಬಂದಾಗ. ಬೆಂಗಳೂರಿನಿಂದ ಬಂದ ಅತಿಥಿಗಳು ನಮ್ಮನ್ನು 'ನೊಂದ ಗಡಿನಾಡ ಕನ್ನಡಿಗರು' ಎಂದು ಸಂಬೋಧಿಸುತ್ತಾರೆ. ನಾವೂ ನೊಂದ ಮುಖವನ್ನೇ ಮಾಡಿಕೊಂಡು ಕೂರುತ್ತೇವೆ. ಕಬ್ಬಿನ ಬಿಲ್ಲು, ಮಗ್ಗದ ಪಾಳಿ, ಹೆಂಗಸರ ಭಿಶಿ, ನರಸೋಬವಾಡಿಯ ಹುಣ್ಣಿಮೆ, ಮರಾಠಿ ಸೊಸೆಗೆ ಅತ್ತೆ ಕಲಿಸುವ ಕನ್ನಡ, ಇವುಗಳನ್ನು ಬರೆಯಲು ನಮಗೇ ಸಂಕೋಚ. ನಮ್ಮ ಸಾಧಾರಣ ದಿನವನ್ನು ನಾವೇ ಬರೆಯದಿದ್ದರೆ, ನಮ್ಮ ಬಗೆಗೆ ಒಂದು ವಾಕ್ಯದ ಸಿದ್ಧಾಂತ ಹೇಳುವ ಗ್ರೀನ್ ಯಾವುದಾದರೊಂದು ಕ್ಲಬ್ಬಿನಲ್ಲಿ ಇದ್ದೇ ಇರುತ್ತಾನೆ.

ಕಾದಂಬರಿಯ ಕೊನೆಯಲ್ಲಿ ಒಬಿ ಹೀಗೇಕೆ ಮಾಡಿದನೆಂದು ಎಲ್ಲರೂ ಬೆರಗಾಗುತ್ತಾರೆ. ವಿದ್ಯಾವಂತ ನ್ಯಾಯಾಧೀಶನಿಗೆ ತಿಳಿಯಲಿಲ್ಲ, ಎಲ್ಲ ಬಲ್ಲೆನೆಂದ ಗ್ರೀನನಿಗೂ ತಿಳಿಯಲಿಲ್ಲ. ಅಚಿಬೆ ಅಷ್ಟಕ್ಕೇ ನಿಲ್ಲದೆ, ಉಮುವೊಫಿಯಾದವರಿಗೂ ತಿಳಿಯಲಿಲ್ಲವೆಂದು ಸೇರಿಸುತ್ತಾನೆ. ನಮ್ಮನ್ನು ಬಹಳ ದಿನ ಕಾಡಿದ ಮಾತು ಇದು. ಅವನಿಗಾಗಿ ಪಟ್ಟಿ ಎತ್ತಿದವರು, ಬೈಯುತ್ತಲೇ ಅವನಿಗೆ ವಕೀಲನನ್ನು ಹಿಡಿದುಕೊಟ್ಟವರು, ತಾಯಿ ಸತ್ತಾಗ ಬಂದು ಕುಳಿತವರು. ಅವರೂ ಆ ಹುಡುಗನ ಲೆಕ್ಕದ ಪುಸ್ತಕವನ್ನು ನೋಡಿರಲಿಲ್ಲ. ಹೊರಗಿನವರ ತಾತ್ಸಾರಕ್ಕೆ ಒಬಿ ಒಬ್ಬ 'ಆಫ್ರಿಕನ್' ಆಗಿದ್ದ. ಒಳಗಿನವರ ಅಭಿಮಾನಕ್ಕೆ ಅವನು 'ನಮ್ಮೂರ ಹೆಮ್ಮೆ'ಯಾಗಿದ್ದ. ಎರಡರ ನಡುವೆ ಒಬಿ ಎಂಬವನು ಯಾರ ಕಣ್ಣಿಗೂ ಬೀಳಲಿಲ್ಲ. ಈ ಸಂಚಿಕೆಯನ್ನು ಓದುವ ಎಷ್ಟೋ ಮನೆಗಳ ಮಕ್ಕಳು ಇಂದು ಪುಣೆಯಲ್ಲಿ, ಬೆಂಗಳೂರಿನಲ್ಲಿ, ಕಡಲಾಚೆಗೆ ಇದ್ದಾರೆ. ಮುಂದಿನ ಸಮಾವೇಶದಲ್ಲಿ ನಾವು ಅವರನ್ನು ಸತ್ಕರಿಸುತ್ತೇವೆ, ಶಾಲು ಹೊದಿಸುತ್ತೇವೆ. ಶಾಲು ಹೊದಿಸುವ ಮೊದಲು ಬಳಿಯಲ್ಲಿ ಕೂರಿಸಿಕೊಂಡು, ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಮಗಾ ಎಂದು ಕೇಳುವ ಬುದ್ಧಿ ನಮಗೆ ಬಂದರೆ, ಲಾಗೋಸಿನ ಆ ಸಂಘದಿಂದ ದತ್ತವಾಡದ ಈ ಸಂಘ ಕಲಿತದ್ದು ಸಾರ್ಥಕ.